ಮುಚ್ಚಲಾಗದ ಬಾಗಿಲು

‘ಹುಚ್ಚನ ಮಾತು’ ಎಂಬ ಎರಡೇ ಪದಗಳಿಂದ ನಮ್ಮ ಭಾಷೆ ಒಬ್ಬ ಮನುಷ್ಯನ ಅಹವಾಲನ್ನೆಲ್ಲ ತಳ್ಳಿಹಾಕಬಲ್ಲುದು. ‘ನನಗೆ ಹುಚ್ಚಿಲ್ಲ’ ಎಂದು ಅವನು ಕೂಗಿದರೆ ಅದೂ ರೋಗದ ಲಕ್ಷಣವೇ ಎನ್ನುವವರುಂಟು. ಕನ್ನಡ ಪಾಠ ಹೇಳುವ ನಾನು ನ್ಯಾಯಶಾಸ್ತ್ರವನ್ನು ಓದಿದವನಲ್ಲ; ಆದರೆ ಮಾತಿಗೆ ಬೆಲೆ ಎಲ್ಲಿ ದೊರೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ನನ್ನ ಕಸುಬಿಗೂ ಸಂಬಂಧಪಟ್ಟ ಪ್ರಶ್ನೆ.

1912ರ ಕಾಯಿದೆಯಲ್ಲಿಯೂ 1987ರ ಕಾಯಿದೆಯಲ್ಲಿಯೂ ಒಲ್ಲದ ರೋಗಿಯನ್ನು ಆಸ್ಪತ್ರೆಯಲ್ಲಿರಿಸಲು ಮ್ಯಾಜಿಸ್ಟ್ರೇಟರ ಆಜ್ಞೆ ಒಂದು ಮುಖ್ಯ ಮಾರ್ಗವಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಕ್ರಮವನ್ನು ಬದಲಿಸಿತು. ಈಗ ರೋಗಿಯ ಪ್ರತಿನಿಧಿಯ ಅರ್ಜಿ ಮತ್ತು ಇಬ್ಬರ ಸ್ವತಂತ್ರ ಪರೀಕ್ಷೆ, ಇಷ್ಟರಿಂದಲೇ 30 ದಿನಗಳವರೆಗೆ ಅವನನ್ನು ಸೇರಿಸಿಕೊಳ್ಳಬಹುದು. ಮುಂದೆ ಇರಿಸಿಕೊಳ್ಳಲು ಪುನರ್ವಿಮರ್ಶಾ ಮಂಡಳಿಯ ಅನುಮತಿ ಬೇಕು. ಹಿಂದೆ ನ್ಯಾಯಾಧಿಕಾರಿ ಹೊಸ್ತಿಲಿನಲ್ಲಿದ್ದನು. ಈಗ ಒಳಗೆ ಹೋದಮೇಲೆ ದೊರೆಯುತ್ತಾನೆ. ಜೊತೆಗೆ, ಮಂಡಳಿ ತೀರ್ಮಾನಿಸಬಹುದಾದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂದು 116ನೆಯ ಪ್ರಕರಣ ವಿಧಿಸಿದೆ.

ಇದನ್ನು ನಾನು ಅನ್ಯಾಯವೆನ್ನಲಾರೆ. ಸಿವಿಲ್ ದಾವೆ ಮುಗಿಯುವುದರೊಳಗೆ ರೋಗಿಯ ಆಯುಷ್ಯದ ಒಂದು ಭಾಗವೇ ಮುಗಿದೀತು. ಜಿಲ್ಲಾ ನ್ಯಾಯಾಧೀಶರ ಅರ್ಹತೆಯುಳ್ಳವರು ಅಧ್ಯಕ್ಷರಾಗಿರುವ ಮಂಡಳಿ ಬೇಗ ವಿಚಾರಿಸಬಲ್ಲುದು. ಅದರ ನಿರ್ಣಯದ ಮೇಲೆ 30 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯೂ ಉಂಟು. ಆದರೆ ಈ ನಿರ್ಬಂಧಕ್ಕೊಂದು ಗಡಿಯುಂಟೆಂಬುದನ್ನು ಮರೆಯಬಾರದು. ಸಂವಿಧಾನದ 32 ಮತ್ತು 226ನೆಯ ಅನುಚ್ಛೇದಗಳು ತೆರೆದಿಟ್ಟ ಬಾಗಿಲನ್ನು ಯಾವ ಶಾಸನವೂ ಮುಚ್ಚಲಾರದು. ಆ ಅಧಿಕಾರ ಸಂವಿಧಾನದ ಮೂಲ ರಚನೆಗೇ ಸೇರಿದ್ದೆಂದು 1997ರಲ್ಲಿ ಚಂದ್ರಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠ ಸಾರಿತು.

ಈ ಬಾಗಿಲಿನಿಂದ ಫಲವೂ ದೊರೆತಿದೆ. ರಾಂಚಿಯ ಬಳಿಯ ಕಾಂಕೆಯ ಮಾನಸಿಕ ಆಸ್ಪತ್ರೆಯ ದುಃಸ್ಥಿತಿ ಒಂದು ಪತ್ರದ ಮೂಲಕ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಸಂವಿಧಾನಬಾಹಿರವೆಂದು 1993ರಲ್ಲಿ ಶೀಲಾ ಬರ್ಸೆಯವರ ಅರ್ಜಿಯಲ್ಲಿ ತೀರ್ಪಾಯಿತು. ಆದರೆ ಗಮನಿಸಿರಿ: ಈ ಎರಡು ಸಂದರ್ಭಗಳಲ್ಲಿಯೂ ಬಾಗಿಲು ತಟ್ಟಿದವರು ಹೊರಗಿನವರು. ಒಳಗಿನವನ ಕೈ ಅದನ್ನು ಮುಟ್ಟುವುದು ಹೇಗೆ? ನ್ಯಾಯಾಲಯದ ಬಾಗಿಲು ತೆರೆದಿದ್ದು, ವಾರ್ಡಿನ ಬಾಗಿಲು ಮುಚ್ಚಿದ್ದರೆ ಪ್ರಯೋಜನವೇನು?

ಕಾಯಿದೆ ಇದನ್ನು ಊಹಿಸದೆ ಇಲ್ಲ. ನ್ಯಾಯಾಧೀಶರು, ವಕೀಲರು, ಮಂಡಳಿಯ ಸದಸ್ಯರು ಇವರೊಡನೆ ರೋಗಿಯ ಸಂಪರ್ಕವನ್ನು ಸಾಮಾನ್ಯ ಕಟ್ಟುಪಾಡುಗಳಿಂದ ಹೊರಗಿರಿಸಿದೆ. ಉಚಿತ ಕಾನೂನು ನೆರವನ್ನು ಕೊಟ್ಟಿದೆ. ತನ್ನನ್ನು ಯಾವ ವಿಧಿಯಂತೆ ಸೇರಿಸಿಕೊಂಡರು, ಮಂಡಳಿಗೆ ಅರ್ಜಿ ಸಲ್ಲಿಸಬಹುದೆ ಎಂಬುದನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ರೋಗಿಗುಂಟೆಂದು 22ನೆಯ ಪ್ರಕರಣ ಹೇಳುತ್ತದೆ. ಇವು ಆಸ್ಪತ್ರೆಯ ದಯೆಯಲ್ಲ. ಸಂವಿಧಾನದ ಬಾಗಿಲಿಗೆ ಹೋಗುವ ಕಾಲುದಾರಿ. ಇವನ್ನು ತಪ್ಪಿಸುವವನು, ಯಾವ ಶಾಸನಕ್ಕೂ ಸಾಧ್ಯವಾಗದ ಕೆಲಸವನ್ನು ಸದ್ದಿಲ್ಲದೆ ಮಾಡಿದಂತಾಗುತ್ತದೆ.

‘ಅರ್ಥವಾಗುವ ಭಾಷೆ’ ಎಂಬಲ್ಲಿ ನನ್ನಂಥವರ ಹೊಣೆಯೂ ಬಂದಿತು. ನಮ್ಮ ಸರಕಾರಿ ಕನ್ನಡ ಆರೋಗ್ಯವಂತರಿಗೇ ತಲೆನೋವು ತರುವಂಥದು. ‘ನಿಮ್ಮನ್ನು ಇಲ್ಲಿರಿಸಿದ್ದು ತಪ್ಪೆನಿಸಿದರೆ ಮಂಡಳಿಗೆ ಬರೆಯಿರಿ, ಕಾಗದ, ಲೇಖನಿ ನಾವು ಕೊಡುತ್ತೇವೆ’ ಎಂದು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಹಾಸಿಗೆಯ ಬಳಿಯೂ ಇಡುವುದು ಕಷ್ಟವೆ? ಹಾಗೆ ಬರೆದ ಪತ್ರವನ್ನು ‘ಹುಚ್ಚನ ಮಾತು’ ಎಂದು ತಡೆಯದೆ ಕಳುಹಿಸಿದರಾಯಿತು. ಅದು ಸರಿಯೋ ತಪ್ಪೋ ಎಂಬುದನ್ನು ಓದಿದವರು ನಿರ್ಣಯಿಸಲಿ.