ಬೀಜಕ್ಕೆ ಬಿಡದವರಿಗೆ ಜವಾರಿ ತೋಟ ಎಲ್ಲಿಯದು?

ಫೆಬ್ರುವರಿ ಬಂತೆಂದರೆ ನಮ್ಮ ನಗರಗಳ ಬಾಲ್ಕನಿಗಳಿಗೆ ಬೀಜದ ಪೊಟ್ಟಣಗಳು ಬರತೊಡಗುತ್ತವೆ. ಕಂದು ಕಾಗದ, ಕೈಬರಹದಂತೆ ಕಾಣುವ ಅಚ್ಚು, ಮೇಲೊಂದು ‘ಹೆರ್‌ಲೂಮ್’ ಎಂಬ ಮುದ್ರೆ. ಒಳಗೆ ಎಣಿಸಿ ಹಾಕಿದ ಒಂದಿಷ್ಟು ಬೀಜ. ಕೊಂಡವರು ಒಳ್ಳೆಯ ಕೆಲಸ ಮಾಡಿದೆವೆಂಬ ಸಮಾಧಾನದಲ್ಲಿ ಬಿತ್ತುತ್ತಾರೆ, ಎಳೆಯದಿರುವಾಗಲೇ ಕೊಯ್ದು ತಿನ್ನುತ್ತಾರೆ, ಫೋಟೊ ಹಾಕುತ್ತಾರೆ. ಮುಂದಿನ ಫೆಬ್ರುವರಿಗೆ ಮತ್ತೆ ಅದೇ ಪೊಟ್ಟಣ ತರಿಸುತ್ತಾರೆ.

ನನ್ನ ತಕರಾರು ಈ ಕೊನೆಯ ವಾಕ್ಯದ ಬಗ್ಗೆ. ಹೈಬ್ರಿಡ್ ಬೀಜದ ಮೇಲೆ ನಾವು ಹೊರಿಸುವ ದೊಡ್ಡ ಆರೋಪ ಯಾವುದು? ಅದರ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ತಾಯಿಗಿಡದ ಗುಣ ಬರುವುದಿಲ್ಲ, ಹಾಗಾಗಿ ರೈತ ವರ್ಷ ವರ್ಷ ಅಂಗಡಿಯ ಮುಂದೆ ನಿಲ್ಲಬೇಕು ಎಂಬುದು. ಸರಿ. ಆದರೆ ಜವಾರಿ ಬೀಜಕ್ಕೂ ವರ್ಷ ವರ್ಷ ಅಂಗಡಿಯ ಮುಂದೆ ನಿಲ್ಲುವ ನಮ್ಮನ್ನು ಏನೆನ್ನಬೇಕು? ಹೈಬ್ರಿಡ್ ಬೆಳೆಯುವವನಿಗೆ ಬೇರೆ ದಾರಿಯಿಲ್ಲ. ನಮಗೆ ದಾರಿಯಿದೆ, ಹೆಜ್ಜೆ ಹಾಕುತ್ತಿಲ್ಲ.

ನಮ್ಮ ಅಜ್ಜಿಯರ ಮಾತಿನಲ್ಲಿ ಇದಕ್ಕೊಂದು ಹೆಸರಿದೆ: ಬೀಜಕ್ಕೆ ಬಿಡುವುದು. ಬಳ್ಳಿಯ ಮೊದಮೊದಲ ಕಾಯಿಗಳಲ್ಲಿ ಒಳ್ಳೆಯದೊಂದನ್ನು ನೋಡಿಟ್ಟು, ಅದಕ್ಕೆ ಬಟ್ಟೆಯ ಚೂರು ಕಟ್ಟಿ, ‘ಇದನ್ನು ಯಾರೂ ಮುಟ್ಟಬೇಡಿ, ಬೀಜಕ್ಕೆ ಬಿಟ್ಟಿದೆ’ ಎನ್ನುವುದು. ‘ಬಿಡು’ ಎಂಬ ಕ್ರಿಯಾಪದವೇ ಇಲ್ಲಿ ಎಲ್ಲ ಹೇಳುತ್ತದೆ. ತಿನ್ನಬಹುದಾಗಿದ್ದನ್ನು ಬಿಡಬೇಕು. ನಮ್ಮ ಈಗಿನ ಜವಾರಿ ಮೋಹದಲ್ಲಿ ಈ ಬಿಡುವಿಕೆಯೊಂದೇ ಇಲ್ಲ.

ಪದದಿಂದಲೇ ಶುರುಮಾಡುತ್ತೇನೆ, ನನ್ನ ಕಸುಬು ಅದು. ‘ಹೆರ್‌ಲೂಮ್’ ಎಂಬುದರಲ್ಲಿ ಎರಡು ಪದಗಳಿವೆ: ವಾರಸುದಾರ ಮತ್ತು ಉಪಕರಣ. ತಂದೆಯಿಂದ ಮಗನಿಗೆ ಆಸ್ತಿಯ ಜೊತೆ ಬರುವ ಸಾಮಾನು ಎಂಬುದು ಹಳೆಯ ಅರ್ಥ. ನಮ್ಮ ಕಡೆಯ ಪದಗಳನ್ನು ಇದರ ಪಕ್ಕಕ್ಕಿಡಿ. ಹಳೆ ಮೈಸೂರಿನಲ್ಲಿ ನಾಟಿ, ಕರಾವಳಿಯಲ್ಲಿ ಊರಿನದು. ಚೆನ್ನೈಯಲ್ಲಿರುವವರು ‘ನಾಟ್ಟು’ ಕೇಳಿರುತ್ತೀರಿ, ಹೈದರಾಬಾದಿನವರು ‘ನಾಟು’, ಪುಣೆ ಮುಂಬೈಯವರು ‘ಗಾವಠಿ’, ದೆಹಲಿಯವರು ‘ದೇಸಿ’. ನಾಡು, ಊರು, ಗಾಂವ್, ದೇಶ: ಎಲ್ಲವೂ ನೆಲದ ಮಾತು. ಬೀಜ ಯಾರ ಆಸ್ತಿ ಎಂದು ಇವು ಹೇಳುವುದಿಲ್ಲ, ಎಲ್ಲಿ ಬಾಳುತ್ತಿದೆ ಎಂದು ಹೇಳುತ್ತವೆ. ಅಜ್ಜಿಯ ಅವಲಕ್ಕಿ ಸರವನ್ನು ಪೆಟ್ಟಿಗೆಯಲ್ಲಿಟ್ಟರೆ ನೂರು ವರ್ಷ ಇದ್ದೀತು. ಬೆಂಡೆಬೀಜ ಡಬ್ಬಿಯಲ್ಲಿ ಎರಡು ಮೂರು ವರ್ಷ ಕಳೆದರೆ ಮೊಳಕೆ ಇಳಿಯುತ್ತದೆ, ಈರುಳ್ಳಿ ಬೀಜಕ್ಕೆ ಒಂದೇ ವರ್ಷ. ಬೀಜ ಉಳಿಯಬೇಕಾದರೆ ಮಣ್ಣಿಗೆ ಬೀಳಬೇಕು, ಮತ್ತೆ ಬೀಜವಾಗಬೇಕು.

ಹಾಗೆಂದು ಪಶ್ಚಿಮವನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ಆ ಪದವನ್ನು ತರಕಾರಿಗೆ ಹಚ್ಚಿ ಜನಪ್ರಿಯಗೊಳಿಸಿದ ಅಮೆರಿಕದಲ್ಲಿ ಅದರ ಹಿಂದೊಂದು ರೂಢಿ ಇತ್ತು. 1975ರಲ್ಲಿ ಡಯಾನ್ ಆಟ್ ವೀಲಿ ಮತ್ತು ಕೆಂಟ್ ವೀಲಿ ಕಟ್ಟಿದ ಸಂಸ್ಥೆಯ ಹೆಸರೇ ಸೀಡ್ ಸೇವರ್ಸ್ ಎಕ್ಸ್‌ಚೇಂಜ್: ಬೀಜ ಉಳಿಸುವವರ ವಿನಿಮಯ. ಸದಸ್ಯರು ತಮ್ಮಲ್ಲಿದ್ದ ಬೀಜವನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಇಂದು ನಮ್ಮ ಬಾಲ್ಕನಿಗಳಲ್ಲಿ ಮೆರೆಯುವ ‘ಚೆರೊಕಿ ಪರ್ಪಲ್’ ಟೊಮೆಟೊ ಜಗತ್ತಿಗೆ ಗೊತ್ತಾದದ್ದೂ ಹಾಗೆಯೇ. 1990ರಲ್ಲಿ ಟೆನೆಸ್ಸಿಯ ಒಬ್ಬರು ಕ್ರೇಗ್ ಲಹೂಲಿಯರ್ ಎಂಬ ಟೊಮೆಟೊ ಸಂಗ್ರಾಹಕರಿಗೆ ಲಕೋಟೆಯಲ್ಲಿ ಒಂದಷ್ಟು ಬೀಜ ಕಳಿಸಿದರು. ಅವರು ಬೆಳೆದು, ಹೆಸರಿಟ್ಟು, ಹಂಚಿದರು. ಆ ಲಕೋಟೆ ನಮ್ಮಲ್ಲಿಗೆ ಬರಲಿಲ್ಲ. ಬಂದದ್ದು ಹೆಸರು, ಬೆಲೆಚೀಟಿ.

ಇದು ತಾನಾಗಿ ಆದದ್ದಲ್ಲ. ಒಮ್ಮೆ ಬೀಜ ಮಾರುವ ಕಂಪನಿಯೊಂದರ ಪೊಟ್ಟಣದ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ‘ಜವಾರಿ’ ಎಂದು ಬರೆದೆ. ಹಳ್ಳಿಯದೆನಿಸುತ್ತದೆ, ‘ಪಾರಂಪರಿಕ’ ಮಾಡಿ ಎಂದರು. ಮಾಡಿದೆ, ಅದು ಅವರ ಪೊಟ್ಟಣ. ಆದರೆ ಹಿಂಬದಿಯ ಸೂಚನೆಗಳು ಬಿತ್ತುವ ಆಳದಿಂದ ಶುರುವಾಗಿ ‘ಎಳೆಯದಿರುವಾಗಲೇ ಕೊಯ್ಯಿರಿ’ ಎಂಬಲ್ಲಿಗೆ ಮುಗಿಯುತ್ತಿದ್ದವು. ಒಂದು ಕಾಯಿಯನ್ನು ಬಲಿಯಲು ಬಿಡಿ, ಮುಂದಿನ ವರ್ಷದ ಬೀಜ ಅದರಲ್ಲಿದೆ ಎಂಬ ಒಂದು ಸಾಲು ಸೇರಿಸೋಣವೇ ಎಂದು ಕೇಳಿದೆ. ಜಾಗವಿಲ್ಲ ಎಂಬ ಉತ್ತರ ಬಂತು. ಪರಂಪರೆಗೆ ಮುಂಬದಿಯಲ್ಲಿ ಜಾಗವಿತ್ತು, ಅದು ಮುಂದುವರಿಯುವ ಬಗೆಗೆ ಹಿಂಬದಿಯಲ್ಲಿ ಇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ವಿದೇಶಿ ತಳಿ ಬೇಡ, ನಮ್ಮದೇ ಶುದ್ಧ ಎಂದು ನಾನು ವಾದಿಸುತ್ತಿಲ್ಲ. ಬ್ಯಾಡಗಿ ಮೆಣಸಿನಕಾಯಿಗಿಂತ ಜವಾರಿ ಯಾವುದಿದೆ? ಆದರೆ ಮೆಣಸಿನಕಾಯಿ ಎಂಬ ಬೆಳೆಯೇ ಅಮೆರಿಕ ಖಂಡದ್ದು, ಪೋರ್ಚುಗೀಸರು ಬರುವ ಮೊದಲು ನಮ್ಮಲ್ಲಿ ಇರಲಿಲ್ಲ. ಟೊಮೆಟೊದ ಕತೆಯೂ ಅದೇ ಖಂಡದ್ದು. ಬ್ಯಾಡಗಿಯನ್ನು ಜವಾರಿ ಮಾಡಿದ್ದು ತಲೆತಲಾಂತರದ ರೈತರು: ಬಣ್ಣ ಕಟ್ಟುವ, ಖಾರ ಕಡಿಮೆಯಿರುವ, ಸುಕ್ಕು ಚೆನ್ನಾಗಿ ಬರುವ ಕಾಯಿಯನ್ನೇ ಆರಿಸಿ ಬೀಜಕ್ಕೆ ಬಿಟ್ಟವರು. ಪುಣೆಯ ಬಾಲ್ಕನಿಯಲ್ಲಿ ಚೆರೊಕಿ ಪರ್ಪಲ್ ಹಾಕಿ, ಬಿಸಿಲು ತಡೆದುಕೊಂಡ ಗಿಡದ ಹಣ್ಣಿನಿಂದಲೇ ಹತ್ತು ವರ್ಷ ಬೀಜ ತೆಗೆದರೆ ಅದೂ ಕೊತ್ರೂಡಿನ ನಾಟಿ ಟೊಮೆಟೊ ಆದೀತು. ಮಂಡ್ಯದಿಂದ ತರಿಸಿದ ಬದನೆಯನ್ನು ಒಂದೇ ಬೆಳೆಗೆ ತಿಂದು ಮುಗಿಸಿದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಇನ್ನು ವಸಂತದ ವಿಷಯ. ಪೊಟ್ಟಣಗಳ ಮೇಲಿನ ‘ವಸಂತ ಬಿತ್ತನೆ’ ಎಂಬುದು ಹಿಮ ಕರಗಿದ ಮೇಲೆ ಟೊಮೆಟೊ ಸಸಿ ಹೊರಗಿಡುವ ನಾಡಿನ ಮಾತು. ಚೆನ್ನೈ, ಹೈದರಾಬಾದುಗಳಲ್ಲಿ ಮಾರ್ಚಿನಲ್ಲಿ ಟೊಮೆಟೊ ಬಿತ್ತಿದರೆ ಹೂ ಬರುವ ಹೊತ್ತಿಗೆ ಮೇ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಹೂ ಕಚ್ಚುವುದಿಲ್ಲ, ಉದುರುತ್ತದೆ. ಜನ ತಮ್ಮ ಕೈಗುಣ ಸರಿಯಿಲ್ಲವೆಂದುಕೊಳ್ಳುತ್ತಾರೆ. ತಪ್ಪು ಕ್ಯಾಲೆಂಡರಿನದು.

ನಮ್ಮ ವಸಂತಕ್ಕೆ ತನ್ನದೇ ತರಕಾರಿಗಳಿವೆ: ಬೆಂಡೆ, ಅಲಸಂದೆ, ಸೌತೆ, ಹೀರೆ, ಸೋರೆ, ಹರಿವೆ. ಇವು ಬಿಸಿಲಿಗೆ ಹೆದರುವುದಿಲ್ಲ. ಇನ್ನೊಂದು ಲಾಭವನ್ನು ನಾವು ಮರೆತೇಬಿಟ್ಟಿದ್ದೇವೆ: ಕಾಯಿ ಗಿಡದಲ್ಲೇ ಒಣಗಲು ಒಣ ಬಿಸಿಲು ಬೇಕು, ಮಳೆ ಹಿಡಿದರೆ ಬೂಸು ಬರುತ್ತದೆ. ಫೆಬ್ರುವರಿ ಕೊನೆಗೆ ಬಿತ್ತಿದ ಬೆಂಡೆ ಏಪ್ರಿಲ್ ನಡುವೆ ಹೂ ಬಿಡುತ್ತದೆ, ಬಿಟ್ಟ ಕಾಯಿ ಮೇ ಕೊನೆಗೆ ಒಣಗುತ್ತದೆ. ಮುಂಬೈಗೆ ಮಳೆ ಬರುವುದು ಜೂನ್ ಎರಡನೇ ವಾರದ ಸುಮಾರಿಗೆ, ದೆಹಲಿಗೆ ಜೂನ್ ಕೊನೆಗೆ. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರಿನಲ್ಲಿ. ಲೆಕ್ಕ ಹಾಕಿ ನೋಡಿ: ನಮ್ಮ ವಸಂತ ತರಕಾರಿಯ ಕಾಲ ಎಷ್ಟೋ, ಬೀಜದ ಕಾಲವೂ ಅಷ್ಟೇ.

ಎಲ್ಲ ಬೀಜಕ್ಕೂ ಅಲ್ಲ. ಊರಿನ ಅವರೆಯನ್ನು ಮಾರ್ಚಿನಲ್ಲಿ ಹಾಕಿದರೆ ಬಳ್ಳಿ ಕಿಟಕಿ ಮುಚ್ಚುವಷ್ಟು ಹಬ್ಬೀತು, ಹೂ ಬಿಡದು. ಹಗಲು ಗಿಡ್ಡವಾಗುವುದನ್ನು ಅದು ಕಾಯುತ್ತದೆ, ಅದಕ್ಕೇ ಅವರೆ ಸೊಗಡಿನ ಕಾಲ ಚಳಿಗಾಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಿಗೆ ಈ ಕಾಯುವಿಕೆ ಇಲ್ಲ. ಪುಂಡಿಯೂ ಅವರೆಯಂಥದೇ: ಸೊಪ್ಪು ಬೇಸಿಗೆಯಲ್ಲೂ ಸಿಗುತ್ತದೆ, ಬೀಜಕ್ಕೆ ದೀಪಾವಳಿಯ ಆಸುಪಾಸಿನವರೆಗೆ ಕಾಯಬೇಕು.

ಹಾಗಾಗಿ ತೋಟದ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು. ಮೊದಲ ಪ್ರಶ್ನೆ: ನಾನು ಯಾವ ಬೀಜ ಹಿಡಿಯುತ್ತೇನೆ? ಮೊದಲ ಸಲದವರಿಗೆ ಅಲಸಂದೆ ಸುಲಭ. ಅದರ ಹೂ ತನ್ನಲ್ಲೇ ಪರಾಗ ಮುಗಿಸಿಕೊಳ್ಳುತ್ತದೆ, ತಳಿ ಕಲಬೆರಕೆಯಾಗುವುದು ಅಪರೂಪ. ಬೆಂಡೆಗೆ ಜೇನು ಬರುತ್ತದೆ, ಆದ್ದರಿಂದ ಒಂದೇ ತಳಿ ಹಾಕಿ. ಇಲ್ಲವಾದರೆ ಬೀಜಕ್ಕೆ ಬಿಡುವ ಮೊಗ್ಗಿಗೆ ಅರಳುವ ಹಿಂದಿನ ಸಂಜೆ ತೆಳು ಬಟ್ಟೆಯ ಚೀಲ ಕಟ್ಟಿ. ಸೌತೆ, ಹೀರೆ, ಸೋರೆಗಳಿಗೆ ಗಂಡು ಹೂ ಹೆಣ್ಣು ಹೂ ಬೇರೆ ಬೇರೆ. ಹೀರೆ ಅರಳುವುದು ಸಂಜೆ. ಆಫೀಸಿನಿಂದ ಬಂದವರು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ, ಚೀಲ ಕಟ್ಟಬಹುದು. ಹೀರೆ, ಸೋರೆ, ಸೌತೆ ಒಂದರ ಪಕ್ಕ ಒಂದಿದ್ದರೂ ಬೆರೆಯುವುದಿಲ್ಲ. ಆದರೆ ಮಂಗಳೂರು ಸೌತೆಯ ಪಕ್ಕ ಕರಬೂಜ ಬೇಡ. ಹೆಸರಿಗೆ ಸೌತೆಯಾದರೂ ಅದು ಕರಬೂಜದ ಕುಲದ್ದೇ, ಹಸಿಯಾಗಿ ತಿನ್ನುವ ಮುಳ್ಳುಸೌತೆಯ ಕುಲದ್ದಲ್ಲ. ಭಾಷೆ ಮಾಡಿದ ವರ್ಗೀಕರಣಕ್ಕೆ ಜೇನುಹುಳ ಬೆಲೆ ಕೊಡುವುದಿಲ್ಲ.

ಇಟ್ಟುಕೊಳ್ಳುವ ಬಗೆ ಹೊಸದಾಗಿ ಕಲಿಯಬೇಕಿಲ್ಲ. ಒಣಗಿದ ಹೀರೆಯನ್ನು ಇಡಿಯಾಗಿ ತೂಗುಹಾಕುವುದು, ಬೀಜಕ್ಕೆ ಬೂದಿ ಬೆರೆಸುವುದು, ಸೌತೆಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುವುದು, ಎಲ್ಲ ನಮ್ಮ ಮನೆಗಳಲ್ಲಿ ಇದ್ದದ್ದೇ. ಫ್ಲ್ಯಾಟಿನ ಗೋಡೆಗೆ ಸೆಗಣಿ ಆಗದು, ನೆರಳಲ್ಲಿ ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿದರೆ ಸಾಕು. ಹೆಸರು, ಊರು, ವರ್ಷ ಬರೆದಿಡಿ. ಊರು ಮರೆಯಬೇಡಿ.

ಎದುರುವಾದಗಳಿವೆ. ಎರಡು ಕುಂಡದಿಂದ ಏನಾದೀತು ಎನ್ನುತ್ತಾರೆ. ಬಲಿತ ಒಂದು ಬೆಂಡೆಕಾಯಿಯಲ್ಲಿ ಸುಮಾರು 40–50 ಬೀಜ. ಮೂರು ಗಿಡದಲ್ಲಿ ಒಂದೊಂದು ಕಾಯಿ ಬಿಟ್ಟರೆ ಇಡೀ ಅಪಾರ್ಟ್‌ಮೆಂಟಿಗೆ ಹಂಚಬಹುದು. ಹೈಬ್ರಿಡ್ ಇಲ್ಲದಿದ್ದರೆ ದೇಶಕ್ಕೆ ತರಕಾರಿ ಎಲ್ಲಿಂದ ಎನ್ನುತ್ತಾರೆ. ಕೋಲಾರದ ರೈತ ಹೈಬ್ರಿಡ್ ಟೊಮೆಟೊ ಹಾಕುವುದನ್ನು ನಾವು ಆಡಿಕೊಳ್ಳುವಂತಿಲ್ಲ. ಲಾರಿಯಲ್ಲಿ ದೆಹಲಿಯವರೆಗೆ ತಡೆಯುವ ಹಣ್ಣು ಬೇಕೆಂದವರು ಕೊಳ್ಳುವ ನಾವೇ. ಸಾಲ ತೀರಿಸಬೇಕಾದವನು ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲಿ ಒಣಗಲು ಬಿಡುವುದು ಕಷ್ಟ. ನಮಗೆ ಆ ಕಷ್ಟವಿಲ್ಲ. ಕಾಯಿ ಒಂದು ಕಡಿಮೆಯಾದರೆ ನಮ್ಮ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಬೀಜ ಕಾಯುವ ಕೆಲಸವನ್ನು ರೈತನ ತಲೆಗೇ ಕಟ್ಟಿ, ಬರೀ ರುಚಿಯನ್ನು ಇಟ್ಟುಕೊಂಡಿರುವ ನಾವು ಮೊದಲು ಹೊಣೆ ಹೊರಬೇಕು. ಹಳೆಯದೆಲ್ಲ ಒಳ್ಳೆಯದು, ಸಂಸ್ಥೆಗಳದ್ದೆಲ್ಲ ಕೆಟ್ಟದ್ದು ಎಂಬ ಭ್ರಮೆಯೂ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆ ಹೈಬ್ರಿಡ್ ಅಲ್ಲ, ಅದರ ಬೀಜವನ್ನೂ ಹಿಡಿದಿಡಬಹುದು.

ಸರ್ಕಾರ ಕಾಪಾಡುತ್ತದಲ್ಲ ಎನ್ನುವವರಿಗೆ ಎರಡು ಮಾತು. ಬೀಜ ಉಳಿಸುವ, ಮರಳಿ ಬಿತ್ತುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ. ಬಳಸುವವರಿಲ್ಲದ ಹಕ್ಕು ಕಾಗದದಲ್ಲೇ ಇರುತ್ತದೆ. ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಮಾನ್ಯತೆ ಕಾಯುವುದು ಹೆಸರನ್ನು. ವಾದಿರಾಜರು ಕೊಟ್ಟದ್ದೆಂದು ಐತಿಹ್ಯವಿರುವ ಆ ಬೀಜವನ್ನು ಇಲ್ಲಿಯವರೆಗೆ ತಂದದ್ದು ಮಟ್ಟು ಊರಿನವರು ಗುಳ್ಳವನ್ನು ಬೀಜಕ್ಕೆ ಬಿಟ್ಟ ವರ್ಷಗಳು.

ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳುವಿರಿ. ಬೆಂಗಳೂರಿನ ಸಹಜ ಸಮೃದ್ಧ ಬಳಗ, ಶಿರಸಿಯ ಮಹಿಳೆಯರ ವನಸ್ತ್ರೀ ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತಿವೆ. ಅದಕ್ಕೂ ಮೊದಲು ನಿಮ್ಮ ಊರಿನ ಅಡುಗೆಮನೆಯ ಡಬ್ಬಿಗಳಿವೆ. ಯುಗಾದಿಗೆ ಊರಿಗೆ ಹೋದಾಗ ಉಪ್ಪಿನಕಾಯಿ ಭರಣಿ, ಚಟ್ನಿಪುಡಿ ಕಟ್ಟಿಸಿಕೊಳ್ಳುತ್ತೀರಿ. ಜೊತೆಗೆ ಅತ್ತೆಯನ್ನೋ ಚಿಕ್ಕಮ್ಮನನ್ನೋ ಒಂದು ಹಿಡಿ ಬೀಜ ಕೇಳಿ. ಹೇಗೆ ಹಿಡಿಯುವುದೆಂದೂ ಕೇಳಿ, ಆ ತಿಳಿವಳಿಕೆ ಬೀಜಕ್ಕಿಂತ ಬೇಗ ಹೋಗಿಬಿಡುತ್ತದೆ. ನಿಮ್ಮ ನಗರದ ಕನ್ನಡ ಸಂಘದಲ್ಲಿ ಪುಸ್ತಕದ ಕಪಾಟು ಇದ್ದೇ ಇರುತ್ತದೆ; ಅದರ ಪಕ್ಕ ಒಂದು ಬೀಜದ ಡಬ್ಬಿ ಇಡಿಸಿ. ನಿಯಮ ಒಂದೇ: ಒಂದು ಚಿಟಿಕೆ ಒಯ್ದವರು ಬೆಳೆ ಬಂದ ಮೇಲೆ ಎರಡು ಚಿಟಿಕೆ ತಂದು ಹಾಕಬೇಕು.

ಈ ವರ್ಷ ಪೊಟ್ಟಣ ಕೊಂಡಾಗಿದ್ದರೆ ಬೇಸರ ಬೇಡ, ಬಿತ್ತಿ. ಮೇ ತಿಂಗಳಲ್ಲಿ ಮೂರು ಗಿಡ ಆರಿಸಿ, ರೋಗವಿಲ್ಲದ, ಚೆನ್ನಾಗಿ ಕಚ್ಚಿದ ಗಿಡಗಳನ್ನು. ಒಂದೊಂದರಲ್ಲಿ ಒಂದು ಕಾಯಿಗೆ ಕೆಂಪು ದಾರ ಕಟ್ಟಿ, ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ: ಇದು ಸಾರಿಗಲ್ಲ.