ನಮ್ಮ ದೆವ್ವವನ್ನು ಕೋಡಂಗಿ ಮಾಡಿದವರು

ರಾಮ್ಸೇ ಸಹೋದರರ ಹೆಸರೆತ್ತಿದರೆ ಸಾಕು, ನನ್ನ ವಾರಿಗೆಯವರು ನಗಲು ಶುರು ಮಾಡುತ್ತಾರೆ. 'ಝೀ ಹಾರರ್ ಶೋ' ಅಂದರೂ ಅಷ್ಟೆ, 'ಆಹಟ್' ಅಂದರೂ ಅಷ್ಟೆ. ರಬ್ಬರ್ ಮುಖವಾಡ, ಎಲ್ಲಿಂದಲೋ ಬರುವ ಹೊಗೆ, ಎಣ್ಣೆ ಕಾಣದ ಬಾಗಿಲು, ಮೇಣದಬತ್ತಿ ಹಿಡಿದು ಒಬ್ಬಳೇ ನೆಲಮಾಳಿಗೆಗೆ ಇಳಿಯುವ ಹುಡುಗಿ. ಪಟ್ಟಿ ಮುಗಿದ ಮೇಲೆ ತೀರ್ಪು: "ಇದಕ್ಕೆಲ್ಲ ಹೆದರ್ತಿದ್ವಲ್ಲಪ್ಪಾ ನಾವು!" ವಾರಾಂತ್ಯಕ್ಕೆ ಎಲ್ಲ ಒಟ್ಟು ಸೇರಿ ಹಳೆಯ ಕಂತೊಂದನ್ನು ಹಾಕಿಕೊಂಡು ನಕ್ಕು ಮಲಗುವುದು ಈಗ ಒಂದು ಬಗೆಯ ಫ್ಯಾಷನ್. ಈ ನಗುವಿನ ಮೇಲೆ ನನಗೆ ತಕರಾರಿದೆ. ಇದು ಹಳೆಯ ಕಾರ್ಯಕ್ರಮದ ಮೇಲಿನ ನಗುವಲ್ಲ, ಹೆದರಿದ್ದಕ್ಕೆ ನಾಚಿಕೊಂಡವರ ನಗು. ಇದೇ ನಾಚಿಕೆಯೇ ಬೆಳೆದು ಬೆಳೆದು ಇವತ್ತು ಹಾರರ್-ಕಾಮಿಡಿ ಎಂಬ ಹೆಸರಿನಲ್ಲಿ ಥಿಯೇಟರ್ ತುಂಬಿಸುತ್ತಿದೆ.

ಮೊದಲು ರಾಮ್ಸೇಗಳ ಲೆಕ್ಕ ಚುಕ್ತಾ ಮಾಡೋಣ. ತಂದೆ ಎಫ್. ಯು. ರಾಮ್ಸೇ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು, ದೇಶ ಒಡೆದ ಮೇಲೆ ಮುಂಬೈಗೆ ಬಂದವರು. ಏಳು ಜನ ಗಂಡುಮಕ್ಕಳು. ಕುಮಾರ್ ಬರವಣಿಗೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ತುಳಸಿ ಮತ್ತು ಶ್ಯಾಮ್ ನಿರ್ದೇಶನ. ಮನೆಯೇ ಒಂದು ಯೂನಿಟ್. 1972ರ 'ದೋ ಗಜ್ ಜಮೀನ್ ಕೇ ನೀಚೆ' ಚಿತ್ರವನ್ನು ಮಹಾಬಳೇಶ್ವರದಲ್ಲಿ ಕೈಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಮುಗಿಸಿದರು. ಹತ್ತು ಜನರ ಕೆಲಸಕ್ಕೆ ನಲವತ್ತು ಜನರನ್ನು ಕೇಳುವ ಪ್ರಾಜೆಕ್ಟುಗಳನ್ನು ನಡೆಸಿ ಗೊತ್ತಿರುವ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. 1984ರ 'ಪುರಾನಾ ಮಂದಿರ್'ನಲ್ಲಿ ಸಾಮ್ರಿ ಎಂಬ ರಾಕ್ಷಸನಾಗಿ ದೇಶಕ್ಕೆ ದೇಶವೇ ಬೆವರುವಂತೆ ಮಾಡಿದ ಅನಿರುದ್ಧ ಅಗರ್ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. (ನಮ್ಮ ಕ್ಷೇತ್ರದಿಂದ ಇಷ್ಟು ಉಪಯುಕ್ತವಾದ ಬೇರೆ ಕೆಲಸ ಮಾಡಿದವರು ಕಡಿಮೆ.)

1993ರಲ್ಲಿ ಅವರು ಟಿವಿಗೆ ಬಂದರು. ಆಗತಾನೆ ಕೇಬಲ್ ಕಂಡಿದ್ದ ನಮ್ಮ ಊರುಗಳಲ್ಲಿ ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಆ ಅರ್ಧಂಬರ್ಧವೇ ಹೆದರಿಕೆಯನ್ನು ದುಪ್ಪಟ್ಟು ಮಾಡುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮಾತು ಪೂರ್ತಿ ಗೊತ್ತಾಗದಿದ್ದಾಗ ಕಿವಿ ಬೇರೆಯದನ್ನೆಲ್ಲ ಹಿಡಿಯುತ್ತದೆ: ಗಾಳಿ, ಕೀಲು, ಹೆಜ್ಜೆ. 'ಆಹಟ್' ಎಂದರೆ ಅದೇ ತಾನೆ, ಯಾರೋ ಬರುತ್ತಿರುವ ಸಪ್ಪಳ. 1995ರಲ್ಲಿ ಶುರುವಾದ ಆ ಧಾರಾವಾಹಿಯನ್ನು ಮಾಡಿದವರು ಮುಂದೆ 'ಸಿಐಡಿ' ಮಾಡಿದ ಬಿ. ಪಿ. ಸಿಂಗ್. ಮೊದಮೊದಲ ಎಷ್ಟೋ ಕಂತುಗಳಲ್ಲಿ ದೆವ್ವವೇ ಇರುತ್ತಿರಲಿಲ್ಲ, ಕೊಲೆ ಇರುತ್ತಿತ್ತು, ಕೊಂದವನ ಅಳುಕು ಇರುತ್ತಿತ್ತು. ನಾವು ಹೆದರುತ್ತಿದ್ದದ್ದು ಆ ಅಳುಕಿಗೆ. ದುಡ್ಡಿಲ್ಲದ್ದರಿಂದ ಅವರು ತೋರಿಸುವುದಕ್ಕಿಂತ ಅಡಗಿಸುವುದೇ ಹೆಚ್ಚಿತ್ತು. ಇವತ್ತು ಗ್ರಾಫಿಕ್ಸ್‌ಗೆ ಕೋಟಿಗಟ್ಟಲೆ ಸುರಿದು ಎಲ್ಲವನ್ನೂ ತೋರಿಸಿಬಿಡುತ್ತಾರೆ, ತೋರಿಸಿದ ಮೇಲೆ ಅದು ಹೆದರಿಸುವುದಿಲ್ಲ ಎಂದು ಗೊತ್ತಾಗಿ ಪಕ್ಕದಲ್ಲಿ ಒಬ್ಬ ಹಾಸ್ಯನಟನನ್ನು ನಿಲ್ಲಿಸುತ್ತಾರೆ.

ಈಗ ನಮ್ಮ ಮನೆಬಾಗಿಲಿಗೇ ಬರುತ್ತೇನೆ. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ 'ನಾಳೆ ಬಾ' ಎಂದರೆ ವಿವರಿಸಬೇಕಿಲ್ಲ. ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವ, ನಿಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ತೆರೆದಿರೋ ಸತ್ತಿರಿ. ಮದ್ದು ಒಂದೇ. ಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ 'ನಾಳೆ ಬಾ' ಎಂದು ಬರೆಯಬೇಕು. ಅದು ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಸ್ವಲ್ಪ ಯೋಚಿಸಿ, ಎಂಥ ಕಲ್ಪನೆ ಇದು! ಕನ್ನಡ ಓದಬಲ್ಲ ದೆವ್ವ. ಬರೆದ ಮಾತಿಗೆ ಬೆಲೆ ಕೊಡುವ ದೆವ್ವ. ಸರ್ಕಾರಿ ಕಚೇರಿಗೆ ಅಲೆದು ಅಲೆದು 'ನಾಳೆ ಬಾ' ಕೇಳಿಸಿಕೊಂಡ ಜನರೇ ಕಟ್ಟಿದ ಕತೆ ಇದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಹಾಸ್ಯ ಅದರೊಳಗೇ ಇದೆ, ಆದರೆ ಅದು ಹೆದರಿಕೆಯನ್ನು ಕರಗಿಸುವ ಹಾಸ್ಯವಲ್ಲ. ಅಮ್ಮನ ದನಿಗೆ ಬಾಗಿಲು ತೆಗೆಯಬಾರದು ಎನ್ನುವುದಕ್ಕಿಂತ ಕ್ರೂರವಾದ ನಿಯಮವನ್ನು ಯಾವ ಹಾಲಿವುಡ್ಡೂ ಬರೆದಿಲ್ಲ.

2018ರಲ್ಲಿ ಈ ದೆವ್ವ ಮಧ್ಯಪ್ರದೇಶದ ಚಂದೇರಿಗೆ ವಲಸೆ ಹೋಗಿ 'ಸ್ತ್ರೀ' ಆಯಿತು. ಗೋಡೆಯ ಮೇಲಿನ ಬರಹ 'ಓ ಸ್ತ್ರೀ, ಕಲ್ ಆನಾ' ಎಂದಾಯಿತು. ಕದ್ದರು ಎಂದು ನಾನು ಗೋಳಾಡುತ್ತಿಲ್ಲ. ಕತೆಗಳು ಊರು ಬಿಟ್ಟು ಹೋಗುತ್ತವೆ, ನಾವೂ ಹೋಗಿದ್ದೇವೆ. ಅಮರ್ ಕೌಶಿಕ್ ನಿರ್ದೇಶನದ, ರಾಜ್ ಮತ್ತು ಡಿಕೆ ಬರೆದ ಆ ಚಿತ್ರದಲ್ಲಿ ಬುದ್ಧಿವಂತಿಕೆಯೂ ಇದೆ. ಅಲ್ಲಿ ದೆವ್ವ ಹಿಡಿಯುವುದು ಗಂಡಸರನ್ನು. ರಾತ್ರಿ ಒಬ್ಬನೇ ಹೊರಗೆ ಹೋಗಬೇಡ ಎಂದು ಗಂಡನಿಗೆ ಹೆಂಡತಿ ಹೇಳುವ ತಿರುವು ಚೆನ್ನಾಗಿದೆ, ಒಪ್ಪಿದೆ. ನನ್ನ ಜಗಳ ಕೊನೆಯ ದೃಶ್ಯದ ಜೊತೆ. ಅನ್ಯಾಯವಾಗಿ ಸತ್ತವಳಿಗೆ ಊರವರು ಒಂದು ಪ್ರತಿಮೆ ನಿಲ್ಲಿಸಿ, ಗೋಡೆಬರಹವನ್ನು 'ಓ ಸ್ತ್ರೀ, ರಕ್ಷಾ ಕರ್ನಾ' ಎಂದು ತಿದ್ದುತ್ತಾರೆ. ಅಂದರೆ ಕೊಂದ ಊರಿಗೇ ಅವಳು ಕಾವಲುಗಾರ್ತಿ! ದೂರು ಕೊಡಲು ಬಂದವಳಿಗೆ ಸೆಕ್ಯೂರಿಟಿ ಗಾರ್ಡ್ ಕೆಲಸ ಕೊಟ್ಟು ಕಳಿಸಿದ ಹಾಗೆ. ಅಲ್ಲಿಂದ ಮುಂದೆ 'ಭೇಡಿಯಾ', 'ಮುಂಜ್ಯಾ', 'ಸ್ತ್ರೀ 2', ಒಂದಕ್ಕೊಂದು ಕೊಂಡಿ. ನಾನು ಬದುಕಿಡೀ ರಿಲೀಸ್ ಪ್ಲಾನ್ ಬರೆದವನು, ರಿಲೀಸ್ ಪ್ಲಾನ್ ಕಂಡರೆ ಗುರುತು ಹಿಡಿಯಬಲ್ಲೆ. ಪ್ಲಾನಿನಲ್ಲಿ ಮುಂದಿನ ಮೂರು ಭಾಗ ಇರುವ ದೆವ್ವದಿಂದ ಯಾರಿಗೂ ಏನೂ ಆಗುವುದಿಲ್ಲ.

ನಾಗವಲ್ಲಿಗೆ ಆದದ್ದು ಇನ್ನೂ ಕೆಟ್ಟದ್ದು. 1993ರ ಮಲಯಾಳಂ 'ಮಣಿಚಿತ್ರತ್ತಾಳ್' ಚಿತ್ರವನ್ನು ಬರೆದವರು ಮಧು ಮುಟ್ಟಂ, ನಿರ್ದೇಶಕ ಫಾಸಿಲ್. ಅದರಲ್ಲಿ ದೆವ್ವ ಇಲ್ಲ. ಗಂಗೆಯ ಮನಸ್ಸಿನೊಳಗೆ ಒಬ್ಬ ನರ್ತಕಿ ಮನೆ ಮಾಡಿದ್ದಾಳೆ, ಅಷ್ಟೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಆ ಚಿತ್ರದ ಜೀವ ಇರುವುದು ಅದರ ಚಿಕಿತ್ಸೆಯಲ್ಲಿ. ಮನೋವೈದ್ಯ ದೆವ್ವವನ್ನು ಓಡಿಸುವುದಿಲ್ಲ, ಅವಳ ಸೇಡು ತೀರುವಂತೆ ನಾಟಕ ಕಟ್ಟುತ್ತಾನೆ. ತನ್ನನ್ನು ಹಾಳು ಮಾಡಿದವನನ್ನು ಕಡಿದೆ ಎಂದು ಅವಳು ನಂಬುತ್ತಾಳೆ, ಕಡಿದದ್ದು ಬೊಂಬೆಯನ್ನು. ಅವಳ ದೂರನ್ನು ಯಾರೋ ಪೂರ್ತಿ ಕೇಳಿಸಿಕೊಂಡರು, ಅದಕ್ಕೇ ಅವಳು ಹೋದಳು. ನಮ್ಮ 'ಆಪ್ತಮಿತ್ರ' 2004ರಲ್ಲಿ ಬಂತು. ಬಿಡುಗಡೆಯ ಹೊತ್ತಿಗೆ ಸೌಂದರ್ಯ ಇರಲಿಲ್ಲ, ಆ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಥಿಯೇಟರಿನ ಕತ್ತಲಲ್ಲಿ ಅವರ ಕಣ್ಣುಗಳನ್ನು ನೋಡಿದವರಿಗೆ ಆ ಅನುಭವ ಮರೆಯುವಂಥದ್ದಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಯಾವುದು? ರಾಜನ 'ಹೌಲಾ ಹೌಲಾ'. ಕೊಂದವನ ನಗು ಎಲ್ಲರಿಗೂ ಬಾಯಿಪಾಠ, ಸತ್ತವಳ ಕತೆ ಕೇಳಿದರೆ ತಡವರಿಸುತ್ತೇವೆ. 2010ರ 'ಆಪ್ತರಕ್ಷಕ' ಈ ಬಯಕೆಯನ್ನು ಪೂರೈಸಲೆಂದೇ ಬಂದಂತಿತ್ತು. ವಿಷ್ಣುವರ್ಧನ್ ಎಂದರೆ ನನಗೂ ಪ್ರಾಣ, ಆದರೂ ಹೇಳಲೇಬೇಕು: ಅಲ್ಲಿ ಮನೋವಿಜ್ಞಾನ ಹಿಂದೆ ಸರಿಯಿತು, ರಾಜ ಮುಂದೆ ಬಂದ. ಹಿಂದಿಯಲ್ಲೂ ಇದೇ ಹಾಡು. 2007ರ 'ಭೂಲ್ ಭುಲಯ್ಯಾ'ದಲ್ಲಿ ರೋಗವಾಗಿದ್ದದ್ದು 2022ರ ಎರಡನೇ ಭಾಗದಲ್ಲಿ ನಿಜವಾದ ದೆವ್ವವಾಯಿತು, ಜೊತೆಗೆ ಮಾಮೂಲಿ ತಮಾಷೆ.

"ನೀನು ಎಂಟೆಕ್ ಓದಿದವನು, ದೆವ್ವವನ್ನು ಗಂಭೀರವಾಗಿ ತೆಗೆದುಕೊಳ್ಳಿ ಅಂತೀಯಲ್ಲ! ನಗುವುದೇ ಮೂಢನಂಬಿಕೆಗೆ ಮದ್ದು" ಎಂದು ಪುಣೆಯ ಗೆಳೆಯನೊಬ್ಬ ಹಂಗಿಸಿದ. ಈ ಮಾತಿಗೇ ನಾನು ಕಾಯುತ್ತಿದ್ದೆ. ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ನಾನಿರುವ ಊರಿನಲ್ಲಿ 2013ರ ಆಗಸ್ಟ್ 20ರಂದು ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ವರ್ಷಗಟ್ಟಲೆ ಅವರು ಕೇಳುತ್ತಿದ್ದ ಕಾಯ್ದೆ ಆ ವರ್ಷದ ಕೊನೆಯಲ್ಲಿ ಬಂತು. ಅದರ ಅನುಸೂಚಿಯ ಮೊದಲ ಕಲಮನ್ನು ಓದಿ ನೋಡಿ. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗದಿಂದ ಕಟ್ಟುವುದು, ಕೋಲು ಚಾಟಿಗಳಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಕೂದಲು ಹಿಡಿದು ಕಟ್ಟುವುದು, ಇವೆಲ್ಲ ಅಪರಾಧ. ಕರ್ನಾಟಕದ 2017ರ ಕಾಯ್ದೆಯ ಗುರಿಯೂ ಇಂಥ ಆಚರಣೆಗಳೇ. ಈಗ ಹೇಳಿ, ಆ ಕಲಮು ಸಿನಿಮಾ ದೃಶ್ಯದ ಹಾಗೆ ಕೇಳಿಸುವುದಿಲ್ಲವೆ? ಮಂತ್ರವಾದಿ ಬೇವಿನ ಸೊಪ್ಪು ಹಿಡಿದು ಬರುತ್ತಾನೆ, ಹೆಣ್ಣಿನ ಜುಟ್ಟು ಹಿಡಿಯುತ್ತಾನೆ, ಹಿನ್ನೆಲೆಯಲ್ಲಿ ಡೋಲು. ಅವನು ಬಂದದ್ದೇ ನಾವು ನಿಟ್ಟುಸಿರು ಬಿಡುತ್ತೇವೆ, ಇನ್ನು ಮನೆ ಉಳಿಯಿತು ಎಂದು. ಹಾರರ್-ಕಾಮಿಡಿ ದೆವ್ವವನ್ನು ಗೇಲಿ ಮಾಡುತ್ತದೆ, ಮಂತ್ರವಾದಿಯನ್ನು ಎಂದಾದರೂ ನಿಜವಾಗಿ ಗೇಲಿ ಮಾಡಿದೆಯೆ? ಮಾಡಿದರೂ ಅವನ ಗಡ್ಡವನ್ನು, ಅವನ ಬೊಗಳೆ ಮಂತ್ರವನ್ನು. ಅವನ ಅಧಿಕಾರವನ್ನಲ್ಲ. ಒಬ್ಬ ಹುಸಿ ಮಂತ್ರವಾದಿಯನ್ನು ತಮಾಷೆ ಮಾಡಿ, ಕ್ಲೈಮ್ಯಾಕ್ಸಿಗೆ ಒಬ್ಬ ಅಸಲಿ ಮಂತ್ರವಾದಿಯನ್ನು ಕರೆತರುವುದು ಈ ಚಿತ್ರಗಳ ಹಳೇ ಚಾಳಿ. 'ಗಾಳಿ ಹಿಡಿದಿದೆ' ಎಂದು ಹೊಡೆಸಿಕೊಳ್ಳುವ ಹೆಣ್ಣುಮಕ್ಕಳಿಗೆ ಈ ನಗುವಿನಿಂದ ಒಂದು ಏಟೂ ಕಡಿಮೆಯಾಗಿಲ್ಲ.

ಹೆದರಿಕೆಯನ್ನು ಗೌರವಿಸಿದವರು ಏನು ಮಾಡಿದ್ದಾರೆ ನೋಡಿ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ದೆವ್ವ ಸೇರುವುದು ಗಂಡಸಿನ ಮೈಯನ್ನು. ಅನಂತನಾಗ್ ಮುಖದಲ್ಲಿ ಒಬ್ಬ ಹೆಣ್ಣಿನ ಹಟ ಮೂಡುವುದನ್ನು ನೋಡುವಾಗ ನಗು ಎಲ್ಲಿಂದ ಬರಬೇಕು? ಕೊನೆಗೆ ಎಲ್ಲ ರಾಯರ ಕೃಪೆಯಲ್ಲಿ ಮುಗಿಯುತ್ತದೆ, ಅದು ಆ ಕಾಲದ ದಾರಿ. ತಮಿಳು ಟಿವಿಯಲ್ಲಿ ಇಂದ್ರಾ ಸೌಂದರರಾಜನ್ ಬರೆದು ನಾಗಾ ನಿರ್ದೇಶಿಸಿದ 'ಮರ್ಮದೇಶಂ' ಮಾಲಿಕೆಯ 'ವಿಡಾದು ಕರುಪ್ಪು' ಹಳ್ಳಿಯೊಂದರ ಕರುಪ್ಪಸಾಮಿಯನ್ನು ಇಟ್ಟುಕೊಂಡು ವಾರಗಟ್ಟಲೆ ನಂಬಿಕೆಯನ್ನೂ ಮನೋರೋಗವನ್ನೂ ಎದುರುಬದುರು ಕೂರಿಸಿತು, ಎರಡನ್ನೂ ಹೀಗಳೆಯಲಿಲ್ಲ. ಚೆನ್ನೈನ ನನ್ನ ಸಹೋದ್ಯೋಗಿಗಳು ಅದರ ಬಗ್ಗೆ ಮಾತಾಡುವಾಗ ಇವತ್ತಿಗೂ ದನಿ ತಗ್ಗಿಸುತ್ತಾರೆ, ನಗುವುದಿಲ್ಲ. ನಮ್ಮ ಕನ್ನಡ ವಾಹಿನಿಗಳಲ್ಲಿ ಅದೇ ಹೊತ್ತಿಗೆ ಒಳ್ಳೆಯ ಕೌಟುಂಬಿಕ ಧಾರಾವಾಹಿಗಳಿದ್ದವು. ಅಲೌಕಿಕ ಅಂತ ಬಂದದ್ದು ಮುಂದೆ ಹಾವಾಗುವ ಹುಡುಗಿಯರ ರೂಪದಲ್ಲಿ, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

2016ರಲ್ಲಿ ಪವನ್ ಕುಮಾರ್ 'ಯೂ ಟರ್ನ್' ಮಾಡಿದರು. ಬೆಂಗಳೂರಿನ ಫ್ಲೈಓವರ್ ಮೇಲೆ ಅಡ್ಡದಾರಿಗಾಗಿ ಯಾರೋ ಸರಿಸಿ ಬಿಟ್ಟ ಡಿವೈಡರ್ ಕಲ್ಲು. ಅದರಿಂದ ಸತ್ತವರು ಒಬ್ಬ ತಾಯಿ ಮತ್ತು ಮಗು. ಆಮೇಲೆ ಅಲ್ಲಿ ಕಲ್ಲು ಸರಿಸಿ ತಿರುಗಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಮಂತ್ರವಾದಿ ಇಲ್ಲ, ಬೇವಿನ ಸೊಪ್ಪಿಲ್ಲ. ಗಾಡಿ ನಂಬರ್ ಬರೆದಿಟ್ಟ ಒಂದು ಪಟ್ಟಿ, ಒಬ್ಬ ಪತ್ರಕರ್ತೆ, ಒಬ್ಬ ಪೊಲೀಸ್. ಬೆಂಗಳೂರಿನಲ್ಲಿ ಗಾಡಿ ಓಡಿಸಿದ ಪ್ರತಿಯೊಬ್ಬನಿಗೂ ಎದೆ ಧಸಕ್ಕೆನ್ನುವ ಚಿತ್ರ ಅದು, ಏಕೆಂದರೆ ಆ ಕಲ್ಲನ್ನು ನಾವೂ ಸರಿಸಿರಬಹುದು. ಅಲ್ಲಿ ದೆವ್ವ ಕೇಳುತ್ತಿರುವುದು ಬಲಿಯನ್ನಲ್ಲ, ಲೆಕ್ಕವನ್ನು. ತುಳುನಾಡಿನಲ್ಲಿ ಜನ ದೈವದ ಮುಂದೆ ನ್ಯಾಯ ಕೇಳಲು ನಿಲ್ಲುತ್ತಾರೆ. 'ಕಾಂತಾರ' ಬಂದಾಗ ಇಲ್ಲಿನ ಸಹೋದ್ಯೋಗಿಗಳು "ಭೂತದ ಸಿನಿಮಾನಾ?" ಎಂದು ಕೇಳಿದಾಗ ಭೂತ ಎನ್ನುವ ಒಂದೇ ಪದಕ್ಕೆ ಎರಡು ಭಾಷೆಗಳಲ್ಲಿ ಇರುವ ದೂರವನ್ನು ವಿವರಿಸಲು ನನಗೆ ಅರ್ಧ ಲಂಚ್ ಅವರ್ ಬೇಕಾಯಿತು.

ಕೊನೆಗೆ ಉಳಿಯುವುದು ನಿರ್ಮಾಪಕರ ಮಾತು: ಜನ ಹೆದರಲು ದುಡ್ಡು ಕೊಡುವುದಿಲ್ಲ, ನಗಲು ಕೊಡುತ್ತಾರೆ. 'ಸ್ತ್ರೀ' ಬಂದ ಆರು ವಾರಕ್ಕೆ, ಅದೇ 2018ರ ಅಕ್ಟೋಬರ್‌ನಲ್ಲಿ 'ತುಂಬಾಡ್' ಬಂದಿತ್ತು. ಮಳೆ, ಹಳೇ ವಾಡೆ, ತೀರದ ದುರಾಸೆ, ಹಸ್ತರ್. ಒಂದು ಜೋಕಿಲ್ಲ. ಆಗ ಅದರ ಗಳಿಕೆ ಅಷ್ಟಕ್ಕಷ್ಟೆ. 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಪುಣೆಯ ಥಿಯೇಟರಿನಲ್ಲಿ ನನ್ನ ಸುತ್ತ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು, ಕೈಯಲ್ಲೇ ಮೊಬೈಲ್ ಹುಟ್ಟಿಬಂದವರು. ಅಜ್ಜಿಯನ್ನು ನಿದ್ದೆ ಮಾಡಿಸುವ ದೃಶ್ಯ ಬಂದಾಗ ಒಂದೇ ಒಂದು ಸ್ಕ್ರೀನೂ ಬೆಳಗಲಿಲ್ಲ. ನನ್ನ ಪಕ್ಕದ ಹುಡುಗ ಪಾಪ್‌ಕಾರ್ನ್ ಹಿಡಿದ ಕೈಯನ್ನು ಬಾಯಿಯ ಹತ್ತಿರ ತಂದು ಹಾಗೇ ನಿಲ್ಲಿಸಿದ್ದ.