ಹೆಜ್ಜೆ ಎಣಿಸುವ ವಾಚಿಗೆ ಹೆಣ್ಣಿನ ಹೃದಯ ಗೊತ್ತೇ?

ಪೆಂಡುರ್ತಿಯಿಂದ ರುಷಿಕೊಂಡದ ಕಡೆಯ ಕಚೇರಿಗಳಿಗೆ ಹೋಗುವ ನಮ್ಮಂಥ ಉದ್ಯೋಗಸ್ಥ ಮಹಿಳೆಯರ ದಿನದ ಹೆಚ್ಚು ಹೊತ್ತು ಕಳೆಯುವುದು ಬಸ್ಸು, ಕುರ್ಚಿ ಮತ್ತು ಅಡುಗೆಮನೆಯಲ್ಲಿ. ತೂಕ ಏರಿದೆ ಅನ್ನಿಸಿದ ಕೂಡಲೇ ಮೊಬೈಲಿಗೆ ಒಂದು ಆ್ಯಪ್, ಕೈಗೆ ಒಂದು ಸ್ಮಾರ್ಟ್‌ವಾಚ್ ಬರುತ್ತದೆ. ತಪ್ಪಿಲ್ಲ. ಆದರೆ ಅವು ಅಳೆಯುವುದು ಏನನ್ನು, ಬಿಡುವುದು ಏನನ್ನು ಎಂದು ಕೇಳಿಕೊಳ್ಳಬೇಕಾಗಿದೆ.

ಸಮಸ್ಯೆ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವವರು ದೇಶದಲ್ಲಿ ಶೇ 24, ಕರ್ನಾಟಕದಲ್ಲಿ ಶೇ 30, ಆಂಧ್ರಪ್ರದೇಶದಲ್ಲಿ ಶೇ 36.

ಈಗ ಉಪಕರಣಗಳ ವಿಷಯ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ 1960ರ ದಶಕದಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು, ವೈದ್ಯರ ಚೀಟಿಯಿಂದಲ್ಲ. ಅಮೆರಿಕದ ಹಿರಿಯ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2016ರಲ್ಲಿ ಅಲ್ಲಿಯೇ ಪ್ರಕಟವಾದ ಎರಡು ವರ್ಷಗಳ ಇನ್ನೊಂದು ಪ್ರಯೋಗದಲ್ಲಿ, ಧರಿಸುವ ಸಾಧನ ಪಡೆದ ಯುವಜನರು ಸರಾಸರಿ 3.5 ಕೆ.ಜಿ. ಇಳಿದರೆ, ಅದಿಲ್ಲದವರು 5.9 ಕೆ.ಜಿ. ಇಳಿದಿದ್ದರು. ಎಣಿಕೆ ನಡೆದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ.

ಹೃದಯದ ಲೆಕ್ಕ ಇನ್ನೂ ಬೇರೆ. ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಎನ್ನುತ್ತಾರೆ ವೈದ್ಯರು. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿದ್ದರೆ ಅಥವಾ ಸಕ್ಕರೆ ಕಾಣಿಸಿಕೊಂಡಿದ್ದರೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು. ನಾನು ಬಳಸಿ ನೋಡಿದ ಆ್ಯಪ್‌ಗಳು ಎತ್ತರ, ತೂಕ, ವಯಸ್ಸು ಕೇಳಿದವು. ಹೆರಿಗೆಯ ಬಗ್ಗೆ ಒಂದೂ ಕೇಳಲಿಲ್ಲ. ಇಸಿಜಿ ತೋರಿಸುವ ವಾಚುಗಳು ಏರುಪೇರಾದ ಬಡಿತವನ್ನು ಗುರುತಿಸಬಲ್ಲವು, ಹೃದಯಾಘಾತವನ್ನಲ್ಲ.

ಹೊರನಾಡ ಕನ್ನಡತಿಯರಿಗೆ ಇಲ್ಲೇ ತೊಡಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಆಸ್ಪತ್ರೆಯ ಕಡತ ಹಾಸನದಲ್ಲೋ ಹಾವೇರಿಯಲ್ಲೋ ಅಮ್ಮನ ಬೀರುವಿನಲ್ಲಿ ಉಳಿಯುತ್ತದೆ. ನಾವು ಮಗುವಿನೊಂದಿಗೆ ವಿಶಾಖಪಟ್ಟಣಕ್ಕೋ ಪುಣೆಗೋ ಮರಳುತ್ತೇವೆ. ಬಸಿರಿನಲ್ಲಿ ಸಕ್ಕರೆ ಇದ್ದವರು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಊರು ಬದಲಿಸುವ ಗಡಿಬಿಡಿಯಲ್ಲಿ ಅದು ತಪ್ಪುವುದು ಸುಲಭ. ಹತ್ತು ವರ್ಷದ ಬಳಿಕ ಇಲ್ಲಿನ ವೈದ್ಯರು ತೆಲುಗಿನಲ್ಲಿ ಹಳೆಯದನ್ನು ಕೇಳಿದಾಗ ನಮ್ಮ ಬಳಿ ಉತ್ತರವೂ ಇಲ್ಲ, ಕಾಗದವೂ ಇಲ್ಲ.

ಹಾಗಾಗಿ ಮೊಬೈಲನ್ನು ಮೊದಲು ನೆನಪಿನ ಪುಸ್ತಕ ಮಾಡಿಕೊಳ್ಳೋಣ, ಹೆಜ್ಜೆ ಎಣಿಕೆ ಆಮೇಲೆ. ತವರಿನಲ್ಲಿರುವ ಡಿಸ್ಚಾರ್ಜ್ ಕಾಗದಗಳ ಚಿತ್ರ ತರಿಸಿಕೊಳ್ಳಿ. 14 ಅಂಕಿಯ ಆಭಾ ಸಂಖ್ಯೆ ದೇಶದ ಎಲ್ಲೆಡೆ ಒಂದೇ. ರಾಜ್ಯ ಬದಲಾದರೂ ದಾಖಲೆಗಳನ್ನು ಅದಕ್ಕೆ ಜೋಡಿಸಬಹುದು. ಸೊಂಟದಳತೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಈ ನಾಲ್ಕನ್ನು ಆಗಾಗ ದಿನಾಂಕದೊಂದಿಗೆ ಬರೆದಿಡಿ. ಇದಕ್ಕೆ ದುಬಾರಿ ಚಂದಾ ಬೇಡ, ದರ್ಜಿಯ ಟೇಪು ಮತ್ತು ನೋಟ್ಸ್ ಆ್ಯಪ್ ಸಾಕು.

ಕರ್ನಾಟಕದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಡಿಜಿಟಲ್ ಆಗಿ ದೂರದ ತಜ್ಞರನ್ನು ತಲುಪುತ್ತದೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲಿಯೇ ಸಿಗುತ್ತದೆ. ತಂತ್ರಜ್ಞಾನ ಜೀವ ಉಳಿಸುವುದು ಹೀಗೆ, ಅದರ ಆ ತುದಿಯಲ್ಲಿ ನೋಡುವ ಮನುಷ್ಯರಿದ್ದಾಗ.

ಎದೆಯ ಬಿಗಿತವಷ್ಟೇ ಅಲ್ಲ, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಕೂಡ ಮಹಿಳೆಯರಲ್ಲಿ ಹೃದಯಾಘಾತದ ಸೂಚನೆಯಾಗಿರಬಹುದು. ಗ್ಯಾಸ್ ಎಂದು ಮಲಗಬೇಡಿ, ವಾಚು ಸುಮ್ಮನಿದೆ ಎಂದು ಕಾಯಬೇಡಿ. 108 ಆಂಧ್ರದಲ್ಲೂ ಕರ್ನಾಟಕದಲ್ಲೂ ಒಂದೇ ಸಂಖ್ಯೆ. ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಬೀರುವಿನ ಆ ಕಡತವನ್ನೊಮ್ಮೆ ಕೇಳಿ. ಅವರ ರಕ್ತದೊತ್ತಡ ಎಷ್ಟಿದೆ ಎಂದೂ ಕೇಳಿ.